ಸಂಕ್ರಾಂತಿಗೆ ಏಳದ ಗಾಳಿಪಟ: ನಮ್ಮ ಆಟಗಳಿಗೆ ಹಬ್ಬ ಗೊತ್ತು ಮಾಡಿದ್ದು ಯಾರು?

ಒಂದು ಸಂಕ್ರಾಂತಿಗೆ ಅಕ್ಕನ ಮಗ ಶಾಲೆಯಿಂದ ಗಾಳಿಪಟ ತಂದಿದ್ದ. ಸಂಕ್ರಾಂತಿ ಅಂದರೆ ಗಾಳಿಪಟದ ಹಬ್ಬ ಅಂತ ಪಾಠದಲ್ಲಿ ಬಂದಿತ್ತಂತೆ. ಬೆಂಗಳೂರಿನ ಮನೆಯ ತಾರಸಿ ಮೇಲೆ ನಾವಿಬ್ಬರೂ ಒಂದು ಗಂಟೆ ಆ ಕಡೆಯಿಂದ ಈ ಕಡೆಗೆ ಓಡಿದೆವು. ಸೂತ್ರ ಬಿಚ್ಚಿ ಮತ್ತೆ ಕಟ್ಟಿದೆ, ಬಾಲಂಗೋಚಿ ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಪಟ ಏಳಲಿಲ್ಲ. ಬಟ್ಟೆ ಒಣಹಾಕಲು ಬಂದ ಅಮ್ಮ ನಿಂತು ನೋಡಿ, "ಪುಷ್ಯ ಮಾಸದಲ್ಲಿ ಯಾರಾದ್ರೂ ಪಟ ಹಾರಿಸ್ತಾರಾ? ಆಷಾಢ ಬರಲಿ, ತಾನಾಗೇ ಏಳುತ್ತೆ" ಅಂದಳು.

ಆ ಮಾತು ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ಯಾಕೆಂದರೆ ಅದರಲ್ಲಿ ದೇವರ ವಿಷಯ ಏನೂ ಇರಲಿಲ್ಲ. ಇದ್ದದ್ದು ಗಾಳಿಯ ವಿಷಯ.

ಜನವರಿಯಲ್ಲಿ ಗಾಳಿಪಟ ಹಾರಿಸುವುದು ಗುಜರಾತಿನ ಪದ್ಧತಿ. ಅಹಮದಾಬಾದಿನಲ್ಲಿ ಉತ್ತರಾಯಣ ಅಂದರೆ ಇಡೀ ಊರು ತಾರಸಿ ಮೇಲಿರುತ್ತದೆ. ಆ ಹೊತ್ತಿಗೆ ಅಲ್ಲಿ ಆಕಾಶ ತಿಳಿಯಾಗಿರುತ್ತದೆ, ಪಟಕ್ಕೆ ಬೇಕಾದ ಗಾಳಿಯೂ ಸಿಗುತ್ತದೆ. ನಮ್ಮ ದಕ್ಷಿಣದ ಬಯಲುಸೀಮೆಯಲ್ಲಿ ಗಾಳಿಯ ಕಾಲ ಅದಲ್ಲ. ಇಲ್ಲಿ ಗಾಳಿ ಜೋರಾಗುವುದು ಜೂನ್, ಜುಲೈ ತಿಂಗಳಲ್ಲಿ, ಮುಂಗಾರು ಮಾರುತ ಅರಬ್ಬೀ ಸಮುದ್ರದ ಕಡೆಯಿಂದ ಬೀಸುವಾಗ. ಅದು ಹೊತ್ತು ತಂದ ಮಳೆಯ ದೊಡ್ಡ ಪಾಲು ಪಶ್ಚಿಮ ಘಟ್ಟದಲ್ಲೇ ಸುರಿದುಹೋಗುತ್ತದೆ. ಘಟ್ಟ ದಾಟಿ ತುಮಕೂರು, ಬೆಂಗಳೂರು, ಕೋಲಾರದ ಕಡೆಗೆ ಬರುವಷ್ಟರಲ್ಲಿ ಮಳೆ ತೆಳುವಾಗಿ ತುಂತುರಾಗಿರುತ್ತದೆ. ಗಾಳಿಯ ರಭಸ ಮಾತ್ರ ಹಾಗೇ ಇರುತ್ತದೆ. ಪಟ ಹಾರಿಸುವವನಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ದೊಡ್ಡಬಳ್ಳಾಪುರದಲ್ಲಿ ಗಾಳಿಪಟದ ಹಬ್ಬ ಆಷಾಢದಲ್ಲಿ ನಡೆಯುವುದು ಇದೇ ಕಾರಣಕ್ಕೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಯಾವುದೂ ಇಲ್ಲ, ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗಿರುತ್ತಾಳೆ. ಊರಲ್ಲಿ ಒಂಥರಾ ಬಿಡುವಿರುತ್ತದೆ. ಆ ಬಿಡುವಿಗೆ ಗಾಳಿಯೂ ಜೊತೆಯಾಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಯಾವ ಆಟವನ್ನು ಯಾವ ಹಬ್ಬಕ್ಕೆ ಆಡಬೇಕು ಅನ್ನುವುದನ್ನು ಮೊದಲು ಗೊತ್ತು ಮಾಡಿದ್ದು ಹೊಲ, ಮಣ್ಣು, ಗಾಳಿ ಮತ್ತು ಅಡುಗೆಮನೆ. ಕಥೆ, ಪೂಜೆ, ನಂಬಿಕೆ ಅದರ ಮೇಲೆ ಬಂದು ಕೂತವು. ಹೀಗೆ ನೋಡಿದರೆ ನಂಬಿಕೆಯ ಬೆಲೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಆಟಗಳ ಲೆಕ್ಕ ತಟ್ಟನೆ ಅರ್ಥವಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಹಬ್ಬದ ತಾರೀಖು ವರ್ಷ ವರ್ಷ ಬದಲಾಗುತ್ತದಲ್ಲ, ಹಾಗಾದರೆ ಗಾಳಿ-ಮಳೆಯ ಜೊತೆ ಅದು ಹೊಂದಿಕೊಳ್ಳುವುದು ಹೇಗೆ? ನಾಗರ ಪಂಚಮಿಯನ್ನೇ ನೋಡಿ. 2024ರಲ್ಲಿ ಆಗಸ್ಟ್ 9ಕ್ಕೆ ಬಂತು, 2025ರಲ್ಲಿ ಜುಲೈ 29ಕ್ಕೆ. ಹನ್ನೊಂದು ದಿನ ಹಿಂದೆ ಸರಿಯಿತು. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷ 365 ದಿನ. ಹೀಗೇ ಬಿಟ್ಟರೆ ಸುಮಾರು ಹದಿನಾರು ವರ್ಷದಲ್ಲಿ ಪಂಚಮಿ ಚಳಿಗಾಲಕ್ಕೆ ಹೋಗಿಬಿಡುತ್ತದೆ! ಹಾಗಾಗದಿರಲಿ ಅಂತಲೇ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂತು. ಆ ವರ್ಷ ಪಂಚಮಿ ಮುಂದಕ್ಕೆ ಹೋಗಿ ಆಗಸ್ಟ್ 21ಕ್ಕೆ ನಿಂತಿತು. ಅಂದರೆ ಹಬ್ಬ ಹಿಂದೆ ಮುಂದೆ ತೂಗಾಡುತ್ತದೆ, ಆದರೆ ಮಳೆಗಾಲದ ಅಂಗಳ ಬಿಟ್ಟು ಆಚೆ ಹೋಗುವುದಿಲ್ಲ. ಕರಾವಳಿ ಮತ್ತು ಕೊಡಗಿನವರ ತಿಂಗಳುಗಳದ್ದು ಬೇರೆ ಲೆಕ್ಕ. ಅವು ಸೂರ್ಯನನ್ನು ಹಿಡಿದು ನಡೆಯುವಂಥವು. ತುಳುನಾಡಿನ ಆಟಿ ಪ್ರತಿ ವರ್ಷ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೇ ಇರುತ್ತದೆ, ಕೊಡಗಿನ ಕಕ್ಕಡವೂ ಅಷ್ಟೇ. ಒಂದೇ ರಾಜ್ಯದಲ್ಲಿ ಎರಡು ಬಗೆಯ ಪಂಚಾಂಗ. ಎರಡೂ ನಿಂತಿರುವುದು ಮಳೆಯ ಮೇಲೆ.

ಈಗ ಉತ್ತರ ಕರ್ನಾಟಕದ ಪಂಚಮಿಗೆ ಬರೋಣ. ನನಗೆ ತುಂಬಾ ಇಷ್ಟದ ಹಬ್ಬ ಇದು. ಇದರ ಜೋಕಾಲಿಯ ಗುಟ್ಟು ಗೊತ್ತಾದದ್ದು ದೊಡ್ಡವಳಾದ ಮೇಲೆ. ಧಾರವಾಡ, ಗದಗ, ಬಾಗಲಕೋಟೆ ಕಡೆ ಪಂಚಮಿ ಅಂದರೆ ಒಂದು ದಿನದ ಹಬ್ಬ ಅಲ್ಲ. ಮೊದಲು ರೊಟ್ಟಿ ಪಂಚಮಿ. ಅವತ್ತು ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ರಾಶಿ ರಾಶಿ ಬಡಿದು, ಖಡಕ್ ಮಾಡಿಟ್ಟು, ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತಾರೆ. ಅದಕ್ಕೂ ಮೊದಲೇ ಉಂಡಿ ಕಟ್ಟಿ ಡಬ್ಬಿ ತುಂಬಿಸಿರುತ್ತಾರೆ: ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಅಳ್ಳಿಟ್ಟು. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು, ಹೆಚ್ಚಬಾರದು, ಕರಿಯಬಾರದು ಅನ್ನುವ ನೇಮ ಬಹಳ ಮನೆಗಳಲ್ಲಿದೆ. ಹೊಲದಲ್ಲಿ ನೇಗಿಲು ಹೂಡಬಾರದು, ನೆಲ ಅಗೆಯಬಾರದು. ಬಿಲಕ್ಕೆ ನೀರು ನುಗ್ಗಿ ಹಾವುಗಳು ಹೊರಗೆ ಬಂದಿರುವ ಕಾಲ ಅದು. ನಾಗಪ್ಪನಿಗೆ ನೋವಾಗಬಾರದು ಅನ್ನುವುದು ಅದರ ಹಿಂದಿನ ಮಾತು.

ಈ ನೇಮಗಳ ಫಲ ಏನು ನೋಡಿ. ಬುಟ್ಟಿ ತುಂಬ ರೊಟ್ಟಿ ಇದೆ, ಡಬ್ಬಿ ತುಂಬ ಉಂಡಿ ಇದೆ, ಒಲೆಗೆ ರಜೆ. ಹೆಂಗಸರಿಗೆ ಇಡೀ ವರ್ಷದಲ್ಲಿ ಹೀಗೆ ಕೈ ಖಾಲಿಯಿರುವ ದಿನ ಎಷ್ಟು ಸಿಗುತ್ತದೆ? ತವರಿಗೆ ಬಂದ ಹೆಣ್ಣುಮಕ್ಕಳು, ಗೆಳತಿಯರು, ಅತ್ತಿಗೆಯರು ಎಲ್ಲ ಸೇರಿ ಬೇವಿನ ಮರಕ್ಕೋ ಹುಣಸೆ ಮರಕ್ಕೋ ದಪ್ಪ ಹಗ್ಗ ಕಟ್ಟಿ ಜೋಕಾಲಿ ಜೀಕುತ್ತಾರೆ. ಇಬ್ಬರು ಎದುರುಬದುರು ನಿಂತು ಜೀಕುವಾಗ ಮೇಲಿನ ಕೊಂಬೆಯ ಎಲೆ ಕಾಲಿಗೆ ತಾಗಬೇಕು, ಅದು ಪಂಥ. ಜೋಕಾಲಿ ಬಂದದ್ದು ಈ ಬಿಡುವಿನಿಂದ ಅಂತ ನನಗೆ ಖಾತ್ರಿ ಅನ್ನಿಸುತ್ತದೆ. ಒಲೆ ಆರದೆ ಜೋಕಾಲಿ ಇಲ್ಲ. ಈಗ ಕೆಲವು ಮನೆಗಳಲ್ಲಿ ಗಂಡಸರು ಮಕ್ಕಳು ಜೋಕಾಲಿ ಆಡುತ್ತಿರುತ್ತಾರೆ, ಅಮ್ಮಂದಿರು ಒಳಗೆ ಬಿಸಿ ಅಡುಗೆ ಮಾಡುತ್ತಿರುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಗ್ಗ ಕಟ್ಟಿದರೂ ಹಬ್ಬದ ಅರ್ಧ ಕಳೆದುಹೋಗಿದೆ ಅನ್ನಿಸುತ್ತದೆ.

ಅದೇ ದಿನಗಳಲ್ಲಿ ಗಂಡಸರ ಆಟಗಳೂ ಇರುತ್ತವೆ. ಮುಂಗಾರಿನ ಬಿತ್ತನೆ ಮುಗಿದಿರುತ್ತದೆ, ಹೆಸರು ಇನ್ನೂ ಕೈಗೆ ಬಂದಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ನಿಂಬೆಹಣ್ಣು ಎಸೆಯುವ ಪಂಥ: ಇಲ್ಲಿಂದ ಆ ಗುಡಿಯವರೆಗೆ ಎಷ್ಟು ಎಸೆತದಲ್ಲಿ ಮುಟ್ಟಿಸುತ್ತೀಯಾ ಅಂತ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವುದು, ಗುಂಡುಕಲ್ಲು ಎತ್ತುವುದು, ತುಂಬಿದ ಚೀಲ ಹೊತ್ತು ನಡೆಯುವುದು. ಹುಡುಗರ ಕೈಯಲ್ಲಿ ಕೊಬ್ಬರಿ ಬಟ್ಟಲು. ಅದಕ್ಕೆ ತೂತು ಮಾಡಿ ದಾರ ಪೋಣಿಸಿ ಗಿರಗಿರ ತಿರುಗಿಸುತ್ತಾರೆ, ಸಂಜೆಗೆ ಅದನ್ನೇ ಬೆಲ್ಲದ ಜೊತೆ ತಿಂದು ಮುಗಿಸುತ್ತಾರೆ. ಉಂಡಿಗೆ ಅಂತ ತಂದ ಕೊಬ್ಬರಿ ಆಟದ ಸಾಮಾನೂ ಆಯಿತು.

ಮಣ್ಣಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಆ ಕಡೆ ವರ್ಷದಲ್ಲಿ ಐದು ಸಲ ಮಣ್ಣಿನ ಮೂರ್ತಿ ಮಾಡಿ ಪೂಜಿಸುತ್ತಾರೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಐದೂ ಬರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಗೆಯಲ್ಲಿ ಎರೆಮಣ್ಣು ಬಿರುಕು ಬಿಟ್ಟು ಕಲ್ಲಿನ ಹಾಗಿರುತ್ತದೆ, ಅದರಲ್ಲಿ ಏನು ಎತ್ತು ಮಾಡ್ತೀರಿ? ಮೊದಲ ಮಳೆ ಬಿದ್ದು ಮಣ್ಣು ಹದವಾದ ಮೇಲೆ ಅದೇ ಮಣ್ಣು ಬೆರಳು ಹೇಳಿದ ಹಾಗೆ ಕೇಳುತ್ತದೆ. ಬಿತ್ತನೆಗೆ ಹದ ಬಂದ ಮಣ್ಣೇ ಮಕ್ಕಳ ಕೈಗೂ ಹದ ಬಂದ ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಯ ಮಾರನೆಯ ದಿನ ಮಕ್ಕಳು ಕಾಲು ಮುರಿದ ಒಂದು ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ ಹಾಡಿ ಕಾಳು ಬೇಡುತ್ತಾರೆ. ಪೂಜೆ ಮುಗಿದ ಮೇಲೆ ಮೂರ್ತಿ ಆಟಿಕೆಯಾಗುತ್ತದೆ. ದೇವರು ಯಾವಾಗ, ಗೊಂಬೆ ಯಾವಾಗ ಅನ್ನುವ ಗೆರೆ ಅಲ್ಲಿ ಅಷ್ಟು ಗಟ್ಟಿಯಾಗಿಲ್ಲ. ನನಗೆ ಅದು ತುಂಬಾ ಹಿಡಿಸುತ್ತದೆ.

ಮಣ್ಣೆತ್ತಿಗಿಂತ ಹದಿನೈದು ದಿನ ಮೊದಲು ನಿಜವಾದ ಎತ್ತುಗಳ ಹಬ್ಬ, ಕಾರಹುಣ್ಣಿಮೆ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಮೆರೆಸುತ್ತಾರೆ. ಸಂಜೆಗೆ ಕರಿ ಹರಿಯುವುದು. ಊರ ಅಗಸೆಬಾಗಿಲಿಗೆ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗ ಅಡ್ಡ ಬಿಗಿದಿರುತ್ತಾರೆ. ಎತ್ತುಗಳನ್ನು ಓಡಿಸುತ್ತಾರೆ, ಮೊದಲು ಬಂದದ್ದು ಕರಿ ಹರಿದ ಹಾಗೆ. ಗೆದ್ದ ಎತ್ತಿನ ಬಣ್ಣ ನೋಡಿ ಈ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆ ಅಂತ ಹೇಳುತ್ತಾರೆ. ಬಿಳಿ ಎತ್ತಾದರೆ ಬಿಳಿಜೋಳದಂಥ ಬೆಳೆ, ಕೆಂದೆತ್ತಾದರೆ ಕೆಂಪು ಕಾಳು, ಹೀಗೆ ಊರಿಗೊಂದು ಲೆಕ್ಕ. ಭವಿಷ್ಯ ನಿಜವಾಗುತ್ತದೋ ಇಲ್ಲವೋ, ಓಟದಿಂದ ಒಂದು ಕೆಲಸವಂತೂ ಆಗುತ್ತದೆ. ಬೇಸಗೆಯ ಬಿಡುವು ಮುಗಿದು ಇನ್ನೇನು ಗಳೆ ಹೂಡಬೇಕು ಅನ್ನುವ ಹೊತ್ತಲ್ಲಿ ಯಾರ ಎತ್ತು ಗಟ್ಟಿಯಿದೆ, ಯಾರದು ಸೊರಗಿದೆ ಅಂತ ಊರಿಗೆ ಊರೇ ನೋಡಿಬಿಡುತ್ತದೆ.

ಹಾವೇರಿ, ಶಿಕಾರಿಪುರ ಕಡೆಯ ಹೋರಿ ಹಬ್ಬ ಇದರ ಇನ್ನೊಂದು ತುದಿ. ಅದು ದೀಪಾವಳಿಯಿಂದ ಶುರು. ಮಳೆಗಾಲ ಪೂರ್ತಿ ಹಸಿರು ಮೇದ ಹೋರಿಗಳು ಆಗ ಕೊಬ್ಬಿರುತ್ತವೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ, ಹುಡುಗರು ಅದನ್ನು ಹರಿಯಬೇಕು. ಅದರಲ್ಲಿ ಜೀವ ಹೋದದ್ದೂ ಇದೆ. ಹಬ್ಬ ಬೇಡ ಅಂತ ನಾನು ಹೇಳಲಾರೆ, ಆದರೆ ಬೇಲಿ ಇಲ್ಲದ ಕಡೆ, ನೋಡಲು ಬಂದವರ ಮಧ್ಯೆಯೇ ಹೋರಿ ಬಿಡುವುದು ನಿಲ್ಲಬೇಕು.

ಘಟ್ಟ ಇಳಿದರೆ ಮಳೆಯೇ ಬೇರೆ. ಆಟಿ ಅಂದರೆ ತುಳುನಾಡಿನಲ್ಲಿ ಹೊರಗೆ ಕಾಲಿಡಲಾಗದ ತಿಂಗಳು. ನಾಟಿ ಮುಗಿದಿರುತ್ತದೆ, ಹೊಸ ಅಕ್ಕಿಗೆ ಇನ್ನೂ ದಿನ ಇದೆ. ಹಿಂದೆ ಇದು ಹಸಿವಿನ ತಿಂಗಳೂ ಆಗಿತ್ತು. ಕೆಸುವಿನ ಎಲೆ, ತಜಂಕು ಸೊಪ್ಪು, ಹಲಸಿನ ಬೀಜ ತಿಂದು ದಿನ ದೂಡುವ ಕಾಲ. ಅಂಥ ತಿಂಗಳಿಗೆ ಹೊಂದಿದ ಆಟ ಚೆನ್ನೆಮಣೆ. ಒಂದು ಮರದ ಮಣೆ, ಎರಡು ಸಾಲು, ಸಾಲಿಗೆ ಏಳು ಗುಳಿ. ಒಟ್ಟು 14. ಗುಳಿಗೆ ನಾಲ್ಕರಂತೆ 56 ಕಾಯಿ, ಅಂದರೆ ಮಂಜೊಟ್ಟಿ ಬೀಜ. ನಿಮ್ಮ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದ ಮೇಲೆ ಮುಂದಿನ ಗುಳಿಯದ್ದನ್ನು ಎತ್ತಿ ಮತ್ತೆ ಹಾಕಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವುದು ನಿಮಗೆ. ಘಟ್ಟದ ಮೇಲೆ ಇದನ್ನೇ ಅಳಗುಳಿ ಮಣೆ ಅನ್ನುತ್ತಾರೆ. ನಿಯಮ ಅಲ್ಪಸ್ವಲ್ಪ ಬೇರೆ. ಆಡುವವರ ಕೈ ನೋಡಿದರೆ ಕಾಳು ಬಿತ್ತುವ ಹಾಗೇ ಕಾಣುತ್ತದೆ.

ಚೆನ್ನೆಯನ್ನು ಆಟಿ ಬಿಟ್ಟು ಬೇರೆ ತಿಂಗಳಲ್ಲಿ ಆಡಬಾರದು, ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಅಂತ ಹಿರಿಯರು ಹೇಳುತ್ತಾರೆ. ಇದರ ಹಿಂದೆ ತುಳುವರ ಹಾಡುಗಥೆ ಸಿರಿ ಪಾಡ್ದನದ ಕಥೆ ಇದೆ. ಅಬ್ಬಗ, ದಾರಗ ಅನ್ನುವ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳಕ್ಕೆ ಬಿದ್ದರು. ಒಬ್ಬಳು ಸಿಟ್ಟಿನಲ್ಲಿ ಮಣೆಯಿಂದಲೇ ಹೊಡೆದಳು, ಇನ್ನೊಬ್ಬಳ ಜೀವ ಹೋಯಿತು. ಹೊಡೆದವಳು ದುಃಖ ತಡೆಯಲಾರದೆ ಬಾವಿಗೆ ಹಾರಿದಳು. ಈ ಕಥೆ ಕೇಳಿ ಬೆಳೆದ ಮಕ್ಕಳು ಮಣೆ ಮುಂದೆ ಜಗಳವಾಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ಆಟಿಯ ಕಟ್ಟಳೆಗೆ ಇನ್ನೊಂದು ಕಾರಣವೂ ಇದ್ದೀತು ಅಂತ ನನಗನ್ನಿಸುತ್ತದೆ. ಕೂತರೆ ಏಳಲು ಮನಸ್ಸಾಗದ ಆಟ ಇದು. ಕೊಯ್ಲಿನ ತಿಂಗಳಲ್ಲಿ ಮನೆಮಂದಿ ಹೀಗೆ ಕೂತರೆ ಗದ್ದೆ ಕಥೆ ಏನು?

ಗದ್ದೆ ಖಾಲಿಯಾದ ಮೇಲೆ ಕಂಬಳ. ನವೆಂಬರ್‌ನಿಂದ ಮಾರ್ಚ್‌ವರೆಗೆ. ಇದರ ವಿಭಾಗಗಳ ಹೆಸರು ಗಮನಿಸಿ: ಹಲಗೆ, ಹಗ್ಗ, ನೇಗಿಲು. ಎಲ್ಲವೂ ಬೇಸಾಯದ ಸಾಮಾನು. ಹಲಗೆ ಅಂದರೆ ಕೆಸರು ಗದ್ದೆಯನ್ನು ಮಟ್ಟ ಮಾಡುವ ಮರ. ಕನೆಹಲಗೆಯಲ್ಲಿ ವೇಗದ ಮಾತೇ ಇಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ಬಟ್ಟೆಗೆ ತಾಗಿತಾ ಅನ್ನುವುದು ಲೆಕ್ಕ. ಗದ್ದೆ ಹದ ಮಾಡುವ ಕೆಲಸವೇ ಆಟವಾಯಿತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಜಲ್ಲಿಕಟ್ಟು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳವೂ ನಿಂತಿತು, 2017ರಲ್ಲಿ ಕಂಬಳಕ್ಕೆ ಅವಕಾಶ ಕೊಡಲು ಕರ್ನಾಟಕ ಸರ್ಕಾರ ಪ್ರಾಣಿಹಿಂಸೆ ತಡೆ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈಗ ರಾತ್ರಿಯಿಡೀ ಹೊನಲು ಬೆಳಕಿನಲ್ಲಿ, ಆಟಕ್ಕೆಂದೇ ಮಾಡಿದ ಜೋಡುಕರೆಗಳಲ್ಲಿ, ಅಂದರೆ ಅಕ್ಕಪಕ್ಕದ ಎರಡು ಓಟದ ಹಾದಿಗಳಲ್ಲಿ ನಡೆಯುತ್ತದೆ. ಆದರೂ ತಿಂಗಳು ಮಾತ್ರ ಹಳೆಯದೇ ಉಳಿದಿದೆ.

ಕೊಡಗಿನಲ್ಲಿ ಇದೇ ಲೆಕ್ಕ ಕೋವಿಯ ರೂಪದಲ್ಲಿ ಬರುತ್ತದೆ. ನಾಟಿಯ ಕಾಲದಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿಟ್ಟು, ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ದಿನ ಹೊರಗೆ ತೆಗೆದು ಪೂಜಿಸುತ್ತಾರೆ. ಅವತ್ತಿನ ಆಟ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದು. ಪೈರು ಎದ್ದ ಮೇಲೆ ಕಾಡುಹಂದಿ ಕಾಯುವ ಕೆಲಸ ಬರುತ್ತದಲ್ಲ, ಅದಕ್ಕೆ ಮೊದಲು ಕಣ್ಣೂ ಕೈಯೂ ಸರಿಯಿದೆಯಾ ಅಂತ ಒಂದು ಪರೀಕ್ಷೆ. ಕೊಯ್ಲಿನ ಪುತ್ತರಿಯಲ್ಲಿ ಊರವರು ಸೇರುವ ಬಯಲಾದ ಮಂದ್‌ನಲ್ಲಿ ಕೋಲಾಟ, ಪರೆಯಕಳಿ. ಪರೆಯಕಳಿಯಲ್ಲಿ ಬೆತ್ತದಿಂದ ಎದುರಾಳಿಯ ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು, ಅವನು ಗುರಾಣಿಯಿಂದ ತಡೆಯಬೇಕು.

ದೀಪಾವಳಿ ಪಾಡ್ಯದ ಪಗಡೆಯನ್ನು ಎಲ್ಲರೂ ಹೇಳುತ್ತಾರೆ, ನಾನು ಶಿವರಾತ್ರಿಯದನ್ನು ಹೇಳುತ್ತೇನೆ. ಜಾಗರಣೆ ಅಂದರೆ ರಾತ್ರಿಯಿಡೀ ಎಚ್ಚರ ಇರಬೇಕು. ಭಜನೆ ಒಂದು ಕಡೆ, ಇನ್ನೊಂದು ಕಡೆ ಜಗುಲಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರ. ಉದ್ದಕ್ಕೆ ಐದು ಅಡ್ಡಕ್ಕೆ ಐದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಅರಮನೆಗಳಲ್ಲೂ ಇಂಥ ಮಣೆಯಾಟಗಳಿಗೆ ಮರ್ಯಾದೆ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಇವುಗಳಲ್ಲಿ ಎಷ್ಟು ಮುಳುಗಿದ್ದರೆಂದರೆ ತಾವೇ ಹೊಸ ಹೊಸ ಆಟದ ಮಣೆಗಳನ್ನು ಕಟ್ಟಿದರು, ಬರೆಸಿಟ್ಟರು.

ಹಳ್ಳಿಯ ಮನೆಯಲ್ಲಿ ಕವಡೆ ಎಲ್ಲಿಂದ ಬರಬೇಕು? ಹುಣಸೆ ಬೀಜ ಇತ್ತು. ಶಿವರಾತ್ರಿಯ ಸುಮಾರಿಗೆ ಹುಣಸೆಹಣ್ಣು ಉದುರಿಸಿ, ಅಂಗಳದಲ್ಲಿ ರಾಶಿ ಹಾಕಿ, ಹೆಂಗಸರು ಮಕ್ಕಳು ಸುತ್ತ ಕೂತು ಸಿಪ್ಪೆ ತೆಗೆದು ಬೀಜ ಬಿಡಿಸುತ್ತಾರೆ. ಆ ರಾಶಿಯಿಂದ ಒಂದೇ ಅಳತೆಯ ನಾಲ್ಕು ದುಂಡನೆಯ ಬೀಜ ಆರಿಸಬೇಕು. ಒರಟು ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ, ಬೀಜದ ಒಂದೇ ಬದಿಯನ್ನು ಬೆರಳ ತುದಿಯಿಂದ ಒತ್ತಿ ಉಜ್ಜಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣುವವರೆಗೆ ಸಾಕು, ಅರ್ಧ ಬೀಜ ಸವೆಸಬೇಡಿ, ಹಗುರಾದರೆ ಸರಿಯಾಗಿ ಉರುಳುವುದಿಲ್ಲ. ಬೆರಳಿಗೆ ಬಿಸಿ ಹತ್ತುತ್ತದೆ, ಆಗಾಗ ನಿಲ್ಲಿಸಿ. ನಾಲ್ಕನ್ನೂ ಒಂದು ದಿನ ಬಿಸಿಲಿಗಿಟ್ಟರೆ ಆಟಕ್ಕೆ ಸಿದ್ಧ.